ಬೆನ್ನಿನ ಆರೋಗ್ಯವೂ ಎಲ್ಲರಿಗೂ ಸಲ್ಲುವ ಅಂಗಸಾಧನೆಯೂ



ನಮ್ಮ ಶಾಲೆಯ ಅಂಗಸಾಧನೆಯ ಹಾಜರಿ ಪುಸ್ತಕದಲ್ಲಿ ‘ವಿನಾಯಿತಿ’ ಎಂಬದೊಂದು ಅಂಕಣವು ಬಹುಕಾಲದಿಂದ ಇತ್ತು. ಯಾವ ಬಾಲಿಕೆಯ ಕಾಲು ಸೊಟ್ಟಗಿರುವದೋ, ಯಾವಳಿಗೆ ಉಬ್ಬಸವಿರುವದೋ, ಯಾವಳು ಓಡಲಾರದಷ್ಟು ದುರ್ಬಲಳೋ ಅಂಥವಳ ಹೆಸರನ್ನು ಆ ಅಂಕಣದಲ್ಲಿ ಬರೆದು, ಡ್ರಿಲ್ಲಿನ ತಾಸಿನಲ್ಲಿ ಅವಳನ್ನು ಬೇವಿನ ಮರದ ಕೆಳಗೆ ಕೂಡ್ರಿಸುವದು ವಾಡಿಕೆಯಾಗಿತ್ತು. ಉಳಿದವರ ಚಪ್ಪಲಿಗಳನ್ನೂ ನೀರಿನ ಬಾಟಲಿಗಳನ್ನೂ ಕಾಯುವ ಕೆಲಸ ಅವಳದು. ನಾವು ಇದನ್ನು ದಯೆಯೆಂದೇ ಎಣಿಸಿದ್ದೆವು.

ಕೆಲವು ವರ್ಷಗಳ ಹಿಂದೆ ಪಾಲಕರ ಸಭೆಯ ದಿವಸ ಅಂಥ ಒಬ್ಬ ಬಾಲಿಕೆಯ ತಾಯಿಯು ನಮ್ಮ ಕೋಣೆಗೆ ಬಂದಳು. ಹುಟ್ಟಿನಿಂದಲೇ ಅವಳ ಮಗಳ ಒಂದು ಪಾದವು ಒಳಕ್ಕೆ ತಿರುಗಿತ್ತು. ತಾಯಿಯು ಬಹಳ ಹೊತ್ತು ಸೆರಗನ್ನು ಹಿಂಡುತ್ತ ನಿಂತು, ಕೊನೆಗೆ, “ಅಕ್ಕೋರೇ, ನನ್ನ ಮಗಳ ಕಾಲು ಸರಿ ಇಲ್ಲ ಅನ್ನೋದು ಖರೇ ಐತ್ರಿ. ಆದ್ರ ಅಕೀಗೆ ಬೆನ್ನೂ ಇಲ್ಲೇನ್ರಿ? ಕುಂತು ಕುಂತು ಬೆನ್ನು ನೋಯತೈತಿ ಅಂತ ರಾತ್ರಿ ಅಳತಾಳ” ಎಂದಳು.

ನಮಗೆ ಉತ್ತರ ಹೊಳೆಯಲಿಲ್ಲ. ಮೂರು ವರ್ಷ ನಾವು ಆ ಬಾಲಿಕೆಯ ಕಾಲನ್ನು ಮಾತ್ರ ನೋಡಿ, ಉಳಿದ ಮೈಯನ್ನು ಮರೆತಿದ್ದೆವು. ಕಲಿಸತಕ್ಕ ನಾವೇ ಅಂದು ಆ ತಾಯಿಯಿಂದ ಕಲಿತ ಪಾಠವನ್ನು ಈ ಸಂಚಿಕೆಯ ಮೂಲಕ ನಿಮ್ಮ ಮುಂದೆ ಇಡುತ್ತೇವೆ. ಯಾಕಂದರೆ ಬೆನ್ನುನೋವು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿಗೆ ಗುರುತಿನ ಅತಿಥಿಯೇ ಆಗಿರುವದು.

ಬೆನ್ನಿನ ರಚನೆ

ಮೊದಲು ಬೆನ್ನೆಂದರೇನೆಂಬದನ್ನು ತಿಳಿಯೋಣ. ಮಗುವು ಹುಟ್ಟುವಾಗ ಬೆನ್ನೆಲುಬಿನಲ್ಲಿ ಸಾಧಾರಣವಾಗಿ ೩೩ ಮಣಿಗಳಿರುತ್ತವೆ. ಕುತ್ತಿಗೆಯಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫. ಅದರ ಕೆಳಗಿನ ೫ ಮಣಿಗಳು ಬೆಳೆಯುತ್ತ ಒಂದೇ ಎಲುಬಾಗಿ ಕೂಡಿಕೊಳ್ಳುತ್ತವೆ. ತುದಿಯ ೪ ಮಣಿಗಳು ಬಾಲದೆಲುಬಾಗುತ್ತವೆ. ಹೀಗೆ ದೊಡ್ಡವರ ಬೆನ್ನಿನಲ್ಲಿ ೨೬ ಎಲುಬುಗಳೆಂದು ಎಣಿಸುವದುಂಟು. ಮಣಿಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿರುವವು. ಪೆಟ್ಟನ್ನು ತಾಳಿಕೊಳ್ಳುವದು ಅವುಗಳ ಕೆಲಸ. ಬೆಳೆದವರಲ್ಲಿ ಈ ಬಿಲ್ಲೆಗಳ ಒಳಭಾಗಕ್ಕೆ ರಕ್ತನಾಳಗಳು ಹೋಗುವದಿಲ್ಲ. ಸುತ್ತಲಿನಿಂದ ಮೆಲ್ಲಮೆಲ್ಲನೆ ಒಸರಿ ಬಂದದ್ದೇ ಅವುಗಳಿಗೆ ಆಹಾರ. ಬೆನ್ನು ಬಾಗುತ್ತ, ಏಳುತ್ತ, ತಿರುಗುತ್ತ ಇದ್ದರೆ ಈ ಒಸರಾಟಕ್ಕೆ ಸಹಾಯವಾಗುವದು. ತಾಸುಗಟ್ಟಲೆ ಒಂದೇ ರೀತಿಯಲ್ಲಿ ಕೂತಿರುವವರಿಗೆ ಬೆನ್ನು ಬಿಗಿಯುವದು ಸಹಜ.

ಆದರೆ ಮಣಿಗಳು ತಾವಾಗಿಯೇ ನಿಲ್ಲಲಾರವು. ದಾರವಿಲ್ಲದ ಮಣಿಸರವು ನಿಲ್ಲುವದೇ? ಬೆನ್ನಿಗೆ ದಾರವಾಗಿರುವವು ಸ್ನಾಯುಗಳು. ಬೆನ್ನೆಲುಬಿನ ಎರಡು ಮಗ್ಗುಲಿಗೆ ಹೆಣೆದುಕೊಂಡಿರುವ ಕಿರುಸ್ನಾಯುಗಳು, ಹೊಟ್ಟೆಯನ್ನು ನಡುಕಟ್ಟಿನಂತೆ ಅಡ್ಡಲಾಗಿ ಸುತ್ತಿರುವ ಒಳಸ್ನಾಯು, ಮೇಲೆ ಉಸಿರಾಟವನ್ನು ನಡಿಸುವ ವಪೆ, ಕೆಳಗೆ ಕಿಬ್ಬೊಟ್ಟೆಯ ತಳವನ್ನು ಜೋಳಿಗೆಯಂತೆ ಹೊತ್ತಿರುವ ಸ್ನಾಯುಗಳು, ಈ ನಾಲ್ಕೂ ಕೂಡಿ ಸೊಂಟಕ್ಕೆ ಆಧಾರ ಕೊಡುತ್ತವೆ. ಹೆರಿಗೆಯಾದ ಬಳಿಕ ಹೆಂಗಸರಲ್ಲಿ ಇವುಗಳಲ್ಲಿ ಕೆಲವು ಸಡಿಲಾಗುವವು. ಮುಂದೆ ಮಗುವನ್ನು ಒಂದೇ ಸೊಂಟದ ಮೇಲೆ ಹೊರುವದು, ನೆಲಕ್ಕೆ ಬಗ್ಗಿ ಕಸಗುಡಿಸುವದು, ಒಲೆಯ ಮುಂದೆ ಬಾಗಿ ರೊಟ್ಟಿ ಬಡಿಯುವದು, ತುಂಬಿದ ಕೊಡವನ್ನು ಎತ್ತುವದು, ಕಚೇರಿಯಲ್ಲಿ ಗಣಕಯಂತ್ರದ ಮುಂದೆ ಸಂಜೆಯ ತನಕ ಕೂಡ್ರುವದು, ಇವೆಲ್ಲವುಗಳ ಭಾರವನ್ನು ಹೊರತಕ್ಕದ್ದು ಅದೇ ಬೆನ್ನು.

ನೋವು ಯಾತರಿಂದ?

ಲೋಕಾರೋಗ್ಯ ಸಂಸ್ಥೆಯ ಎಣಿಕೆಯಂತೆ ೨೦೨೦ರಲ್ಲಿ ಲೋಕದಲ್ಲೆಲ್ಲ ೬೧.೯ ಕೋಟಿ ಜನರು ಸೊಂಟದ ನೋವಿನಿಂದ ಬಳಲುತ್ತಿದ್ದರು. ೨೦೫೦ಕ್ಕೆ ಈ ಸಂಖ್ಯೆಯು ೮೪.೩ ಕೋಟಿಗೆ ಏರೀತೆಂದು ಅದೇ ಸಂಸ್ಥೆಯು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿಯೇ ಇದು ಹೆಚ್ಚು. ಮನುಷ್ಯರನ್ನು ಕೆಲಸಕ್ಕೆ ಅಸಮರ್ಥರನ್ನಾಗಿ ಮಾಡುವ ಕಾರಣಗಳಲ್ಲಿ ಸೊಂಟದ ನೋವೇ ಮೊದಲನೆಯದು.

ಇಂಥ ನೋವುಗಳಲ್ಲಿ ಸುಮಾರು ನೂರಕ್ಕೆ ೯೦ರಷ್ಟಕ್ಕೆ ಎಲುಬು ಮುರಿದದ್ದು, ಗಡ್ಡೆಯಾದದ್ದು, ನರ ಅಮುಕಿದ್ದು ಎಂಬಂಥ ಯಾವದೊಂದು ನಿಶ್ಚಿತ ಕಾರಣವನ್ನು ತೋರಿಸಲಿಕ್ಕೆ ಬಾರದು. ಇದನ್ನು ಕೇಳಿ ಕೆಲವರು, “ಹಾಗಾದರೆ ನೋವು ಬರಿಯ ಭ್ರಮೆಯೋ?” ಎಂದು ಕೇಳಬಹುದು. ಅಲ್ಲ, ನೋವು ನಿಜವಾದದ್ದೇ. ಆದರೆ ಮುರಿದದ್ದೇನೂ ಇಲ್ಲವಾದ ಕಾರಣ ಕದಲಿದರೆ ಕೆಡುವದೆಂಬ ಭಯಕ್ಕೆ ಆಧಾರವಿಲ್ಲ. ಪೂರ್ವದಲ್ಲಿ ವೈದ್ಯರು ಸಹ, “ವಾರಗಟ್ಟಲೆ ಹಾಸಿಗೆ ಬಿಟ್ಟೇಳಬೇಡಿರಿ” ಎಂದು ವಿಧಿಸುತ್ತಿದ್ದರು. ಈಗ ಆ ಅಭಿಪ್ರಾಯವು ಬದಲಾಗಿದೆ. ಬಹುಕಾಲದ ಸೊಂಟದ ನೋವಿನ ವಿಷಯದಲ್ಲಿ ಲೋಕಾರೋಗ್ಯ ಸಂಸ್ಥೆಯು ೨೦೨೩ರ ಡಿಸೆಂಬರದಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ಕ್ರಮವಾದ ವ್ಯಾಯಾಮಕ್ಕೂ ತಿಳುವಳಿಕೆಗೂ ಸ್ಥಾನ ಕೊಟ್ಟು, ಸೊಂಟದ ಪಟ್ಟಿಗಳನ್ನೂ ಮೈಯನ್ನು ಜಗ್ಗುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬಾರದೆಂದು ಹೇಳಿದೆ. ನೋವಿದ್ದವಳನ್ನು ಮರದ ಕೆಳಗೆ ಕೂಡ್ರಿಸಿದ ನಮ್ಮ ದಯೆಯು ಎಂಥ ದಯೆಯಾಗಿತ್ತೆಂಬದನ್ನು ಇದರಿಂದ ನೀವೇ ಊಹಿಸಿರಿ.

ರೋಗಿಷ್ಠ ಬಾಲಕನೊಬ್ಬನ ವಿದ್ಯೆ

ಆ ತಾಯಿಯ ಪ್ರಶ್ನೆಯ ತರುವಾಯ ನಾವು, ಇದೇ ಶಾಲೆಯಲ್ಲಿ ಕಲಿತು ಫಿಜಿಯೋಥೆರಪಿಯ ಪದವಿಯನ್ನು ಪಡೆದ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಕರೆಯಿಸಿ ಆಲೋಚನೆ ಕೇಳಿದೆವು. ಅವಳು ನಮಗೆ ಪಿಲಾಟೀಸ್ ಎಂಬ ಅಂಗಸಾಧನೆಯನ್ನು ಪರಿಚಯ ಮಾಡಿಕೊಟ್ಟಳು. ದೊಡ್ಡ ಪಟ್ಟಣಗಳಲ್ಲಿ ಹಣವಂತರು ಕನ್ನಡಿಯ ಕೋಣೆಗಳಲ್ಲಿ ಮಾಡುವ ಷೋಕಿಯೆಂದು ನಾವು ಅದನ್ನು ತಿಳಿದಿದ್ದೆವು. ಅದರ ಚರಿತ್ರೆಯನ್ನು ಓದಿದ ಮೇಲೆ ನಮ್ಮ ತಪ್ಪು ತಿಳಿಯಿತು.

ಈ ವಿದ್ಯೆಯನ್ನು ಹುಟ್ಟಿಸಿದಾತನು ಜೋಸೆಫ್ ಪಿಲಾಟೀಸ್ ಎಂಬ ಜರ್ಮನಿಯವನು. ೧೮೮೩ರಲ್ಲಿ ಮೊನ್ಶೆನ್‌ಗ್ಲಾಡ್‌ಬಾಖ್ ಎಂಬ ಊರಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಅವನಿಗೆ ಉಬ್ಬಸ, ಎಲುಬು ಮೆತ್ತಗಾಗುವ ರಿಕೆಟ್ಸ್ ರೋಗ, ಕೀಲುವಾತದ ಜ್ವರ ಈ ಮೂರೂ ಕಾಡಿದವು. ನಮ್ಮ ಶಾಲೆಯಲ್ಲಿ ಇದ್ದಿದ್ದರೆ ಅವನ ಹೆಸರು ನಿಶ್ಚಯವಾಗಿಯೂ ವಿನಾಯಿತಿಯ ಅಂಕಣಕ್ಕೆ ಸೇರುತ್ತಿತ್ತು! ಆದರೆ ಅವನು ಮೈಯನ್ನು ಬಲಪಡಿಸುವ ಹಟ ಹಿಡಿದು ಗರಡಿಯ ಸಾಧನೆ, ಮುಷ್ಟಿಯುದ್ಧ ಮೊದಲಾದವುಗಳನ್ನು ಕಲಿತನು. ಮುಂದೆ ಇಂಗ್ಲೆಂಡಿನಲ್ಲಿದ್ದಾಗ ೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗಲು, ಶತ್ರುದೇಶದವನೆಂದು ಅವನನ್ನು ಸೆರೆಯಲ್ಲಿಟ್ಟರು. ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಅವನು ಸಂಗಡಿಗರಿಗೆ ಅಂಗಸಾಧನೆಯನ್ನು ಕಲಿಸಿದನು. ಹಾಸಿಗೆ ಹಿಡಿದವರ ಮಂಚಗಳಿಗೆ ಸ್ಪ್ರಿಂಗುಗಳನ್ನು ಕಟ್ಟಿ, ಮಲಗಿದವರೂ ಕೈಕಾಲುಗಳನ್ನು ಆಡಿಸುವಂತೆ ಮಾಡಿದನೆಂದೂ, ಅವನು ಮುಂದೆ ರಚಿಸಿದ ಸ್ಪ್ರಿಂಗಿನ ಉಪಕರಣಗಳಿಗೆ ಅದೇ ಮೂಲವೆಂದೂ ಹೇಳುವದುಂಟು.

೧೯೨೬ರಲ್ಲಿ ಅವನು ಅಮೇರಿಕಕ್ಕೆ ಹೊರಟನು. ಆ ಹಡಗಿನಲ್ಲಿ ಕ್ಲಾರಾ ಎಂಬ ಸ್ತ್ರೀಯ ಪರಿಚಯವಾಗಿ, ಇಬ್ಬರೂ ನ್ಯೂಯಾರ್ಕ್ ನಗರದಲ್ಲಿ ಕೂಡಿ ಸಾಧನಾಶಾಲೆಯನ್ನು ನಡಿಸಿದರು. ಮಾರ್ಥಾ ಗ್ರಹಾಮ್, ಜಾರ್ಜ್ ಬಾಲಂಚೀನ್ ಮುಂತಾದ ನೃತ್ಯಾಚಾರ್ಯರು ಪೆಟ್ಟಾದ ತಮ್ಮ ನರ್ತಕರನ್ನು ಅಲ್ಲಿಗೆ ಕಳುಹಿಸುತ್ತಿದ್ದರು. ಜೋಸೆಫನು ಕಟುಶಿಕ್ಷಕನಾಗಿದ್ದರೆ, ದುರ್ಬಲರಿಗೂ ನೋವುಳ್ಳವರಿಗೂ ತಕ್ಕಂತೆ ಸಾಧನೆಗಳನ್ನು ಮೆತ್ತಗೆ ಮಾಡಿ ಕಲಿಸುವದರಲ್ಲಿ ಕ್ಲಾರಾ ಹೆಸರಾದಳು. ಅವನು ತನ್ನ ವಿದ್ಯೆಯನ್ನು ‘ಕಂಟ್ರಾಲಜಿ’, ಅಂದರೆ ನಿಯಂತ್ರಣವಿದ್ಯೆ, ಎಂದು ಕರೆದು, ೧೯೪೫ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡತಕ್ಕ ೩೪ ಸಾಧನೆಗಳನ್ನು ವಿವರಿಸಿದನು. ೧೯೬೭ರಲ್ಲಿ ಅವನು ತೀರಿಕೊಂಡ ಬಳಿಕವೂ ಕ್ಲಾರಾ ಕಲಿಸುತ್ತಿದ್ದಳು. ೨೦೦೦ದಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಪಿಲಾಟೀಸ್ ಎಂಬ ಹೆಸರು ಯಾವನೊಬ್ಬನ ವ್ಯಾಪಾರದ ಸೊತ್ತಲ್ಲವೆಂದು ತೀರ್ಮಾನಿಸಿತು. ಆದಕಾರಣ ಹಳ್ಳಿಯ ಹುಡುಗಿಯೊಬ್ಬಳು ಚಾಪೆ ಹಾಸಿಕೊಂಡು ಇದನ್ನು ಮಾಡಿದರೂ ಅದು ಪಿಲಾಟೀಸೇ ಸರಿ.

ಗುಣವೆಷ್ಟು, ಮಿತಿಯೆಷ್ಟು?

ಈ ವಿದ್ಯೆಯ ಸಾರವು ಎಣಿಕೆಯಲ್ಲಿಲ್ಲ, ಗಮನದಲ್ಲಿದೆ. ಸಾವಕಾಶವಾಗಿ, ಉಸಿರಿನೊಡನೆ ಹೊಂದಿಸಿ, ಹೊಟ್ಟೆಯ ಒಳಸ್ನಾಯುವಿನ ಆಧಾರದಿಂದ ಪ್ರತಿಯೊಂದು ಚಲನೆಯನ್ನು ಮಾಡಬೇಕು. ಅವಸರದಿಂದ ಮಾಡಿದ ಐವತ್ತಕ್ಕಿಂತ ಲಕ್ಷ್ಯವಿಟ್ಟು ಮಾಡಿದ ಐದೇ ಮೇಲು.

ಆದರೆ ಸ್ಥಾಪಕನು ಹೇಳಿದ್ದೆಲ್ಲವೂ ವೇದವಾಕ್ಯವಲ್ಲ. ಬೆನ್ನು ಶಿಶುವಿನ ಬೆನ್ನಿನಂತೆ ಚಪ್ಪಟೆಯಾಗಿರಬೇಕೆಂದು ಅವನು ನಂಬಿದ್ದನು. ಕುತ್ತಿಗೆಯಲ್ಲಿಯೂ ಸೊಂಟದಲ್ಲಿಯೂ ಒಳಬಾಗು ಇರುವದೇ ಸಹಜವೆಂದು ಇಂದಿನ ತಜ್ಞರು ಹೇಳುತ್ತಾರೆ. ಅವನ ೩೪ ಸಾಧನೆಗಳಲ್ಲಿ ಹಲವು ಕಠಿಣವಾಗಿದ್ದು, ಎಲುಬು ಸವೆದ ಮುದುಕಿಯರಿಗೆ ಅಪಾಯಕರವೂ ಆಗಬಹುದು. ಇನ್ನು ಪ್ರಯೋಜನದ ಮಾತು. ೨೦೧೫ರಲ್ಲಿ ಕಾಕ್ರೇನ್ ಸಂಸ್ಥೆಯವರು ೧೦ ಪ್ರಯೋಗಗಳಲ್ಲಿ ಪಾಲುಗೊಂಡ ೫೧೦ ಜನರ ಫಲಿತಾಂಶಗಳನ್ನು ತೂಗಿ ನೋಡಿದರು. ಏನೂ ಮಾಡದವರಿಗಿಂತ, ಅಥವಾ ಅಲ್ಪೋಪಚಾರ ಪಡೆದವರಿಗಿಂತ ಪಿಲಾಟೀಸ್ ಮಾಡಿದವರಿಗೆ ಸೊಂಟದ ನೋವು ಕಡಿಮೆಯಾಗಿತ್ತು. ಆದರೆ ಉಳಿದ ವ್ಯಾಯಾಮಗಳಿಗಿಂತ ಇದೇ ಶ್ರೇಷ್ಠವೆಂಬದಕ್ಕೆ ಖಚಿತವಾದ ಪುರಾವೆ ಸಿಗಲಿಲ್ಲ.

ಈ ಫಲಿತಾಂಶದಿಂದ ನಮಗೆ ನಿರಾಶೆಯಾಗಲಿಲ್ಲ, ಸಮಾಧಾನವೇ ಆಯಿತು. ಯಾಕಂದರೆ ನಿಮ್ಮಲ್ಲಿ ಯೋಗಾಸನ ಮಾಡುವವರು ಅದನ್ನು ಬಿಡಬೇಕಾಗಿಲ್ಲ. ಮುಂಜಾನೆ ನಡೆಯುವವರು ನಡೆಯಬಹುದು. ಯಾವದನ್ನು ನೀವು ಬಿಡದೆ ಮಾಡುವಿರೋ ಅದೇ ನಿಮಗೆ ಉತ್ತಮವಾದ ವ್ಯಾಯಾಮ. ಪಿಲಾಟೀಸಿನಿಂದ ನಾವು ಆರಿಸಿಕೊಂಡದ್ದು ಒಂದು ಗುಣವನ್ನು: ಒಂದೇ ಸಾಧನೆಯನ್ನು ಮಲಗಿ, ಕೂತು, ನಿಂತು, ಮೂರು ಬಗೆಯಿಂದಲೂ ಮಾಡಬಹುದು. ಆದಕಾರಣ ಯಾರನ್ನೂ ಹೊರಗಿಡಬೇಕಾಗಿಲ್ಲ.

ಐದು ಸಾಧನೆಗಳು

ಒಂದು ಜಮಖಾನೆ, ಒಂದು ಗಟ್ಟಿಯಾದ ಕುರ್ಚಿ, ಒಂದು ಗೋಡೆ, ಇಷ್ಟೇ ಸಾಮಗ್ರಿ. ಪ್ರತಿಯೊಂದನ್ನು ಐದಾರು ಸಾರಿ ಮಾಡಿದರೆ ಸಾಕು. ಊಟವಾದ ಕೂಡಲೆ ಮಾಡಬಾರದು.

೧. ಉಸಿರು. ಅಂಗಾತ ಮಲಗಿ, ಮೊಣಕಾಲುಗಳನ್ನು ಮಡಚಿ, ಅಂಗಾಲುಗಳನ್ನು ನೆಲಕ್ಕೆ ಊರಿರಿ. ಅಂಗೈಗಳನ್ನು ಪಕ್ಕೆಲುಬುಗಳ ಮೇಲಿಡಿರಿ. ಮೂಗಿನಿಂದ ಉಸಿರೆಳೆದಾಗ ಪಕ್ಕೆಗಳು ಅಗಲಕ್ಕೆ ಅರಳಲಿ; ಬಾಯಿಂದ ಮೆಲ್ಲನೆ ಬಿಡುವಾಗ ಹೊಕ್ಕುಳು ತುಸು ಒಳಕ್ಕೆ ಹೋಗಲಿ. ನೆಲದ ಮೇಲೆ ಮಲಗಲಾರದವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾಡಬಹುದು.

೨. ಸೊಂಟವನ್ನು ಎತ್ತುವದು. ಅದೇ ರೀತಿ ಮಲಗಿ, ಉಸಿರು ಬಿಡುತ್ತ ಬಾಲದೆಲುಬಿನಿಂದ ಆರಂಭಿಸಿ ಮಣಿಸರವನ್ನು ಎತ್ತುವಂತೆ ಒಂದೊಂದೇ ಮಣಿಯನ್ನು ನೆಲದಿಂದ ಬಿಡಿಸಿರಿ. ಮತ್ತೆ ಮೇಲಿನಿಂದ ಒಂದೊಂದಾಗಿ ಇಳಿಸಿರಿ. ಕುರ್ಚಿಯಲ್ಲಿ ಕೂತವರು ಸೊಂಟವನ್ನು ಮೆಲ್ಲನೆ ಮುಂದಕ್ಕೂ ಹಿಂದಕ್ಕೂ ಉರುಳಿಸಿದರೆ ಸಾಕು.

೩. ಬೆಕ್ಕಿನ ಬೆನ್ನು. ಅಂಗೈಗಳನ್ನೂ ಮೊಣಕಾಲುಗಳನ್ನೂ ಊರಿ, ಉಸಿರು ಬಿಡುತ್ತ ಬೆನ್ನನ್ನು ಬೆಕ್ಕಿನಂತೆ ಮೇಲಕ್ಕೆ ಕಮಾನು ಮಾಡಿರಿ. ಉಸಿರೆಳೆಯುತ್ತ ಮೆಲ್ಲನೆ ಸಮಕ್ಕೆ ತನ್ನಿರಿ. ಮೊಣಕಾಲುನೋವಿದ್ದವರು ಮೇಜಿಗೆ ಕೈಯೂರಿ ನಿಂತೇ ಮಾಡಲಿ.

೪. ಎದುರು ಕೈ, ಎದುರು ಕಾಲು. ಅದೇ ಭಂಗಿಯಲ್ಲಿ ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಬೆನ್ನಿನ ಮೇಲೆ ನೀರಿನ ತಂಬಿಗೆಯನ್ನು ಇಟ್ಟಿದ್ದರೂ ತುಳುಕದಷ್ಟು ಸ್ಥಿರವಾಗಿ ನಿಲ್ಲಿರಿ. ಬಳಿಕ ಬದಲಾಯಿಸಿರಿ. ಕುರ್ಚಿಯವರು ಕೂತಲ್ಲಿಯೇ ಒಂದು ಕೈಯನ್ನೂ ಎದುರು ಪಾದವನ್ನೂ ಸ್ವಲ್ಪ ಎತ್ತಲಿ. ಕಾಲನ್ನು ಎತ್ತಲಾರದವರಿಗೆ ಕೈಯೊಂದೇ ಸಾಕು.

೫. ತಿರುಗುವದು. ಕುರ್ಚಿಯಲ್ಲಿ ಕೂತು ಕೈಗಳನ್ನು ಎದೆಯ ಮೇಲೆ ಕಟ್ಟಿ, ಸೊಂಟವನ್ನು ಕದಲಿಸದೆ ಎದೆಯನ್ನು ಮಾತ್ರ ಬಲಕ್ಕೂ ಎಡಕ್ಕೂ ಮೆಲ್ಲನೆ ತಿರುಗಿಸಿರಿ. ಗಾಲಿಕುರ್ಚಿಯಲ್ಲಿರುವವಳೂ ಇದನ್ನು ಇತರರ ಸಮಾನವಾಗಿ ಮಾಡಬಲ್ಲಳು.

ಮಾಡುವಾಗ ಸ್ನಾಯುಗಳು ತುಸು ಎಳೆದಂತಾಗುವದು ಸಹಜ. ತೀಕ್ಷ್ಣವಾದ ನೋವು ಬಂದರೆ ನಿಲ್ಲಿಸಿರಿ. ಗರ್ಭಿಣಿಯರೂ, ಹೊಸದಾಗಿ ಹೆತ್ತವರೂ, ಶಸ್ತ್ರಚಿಕಿತ್ಸೆಯಾದವರೂ, ಎಲುಬು ಸವೆದವರೂ ಮೊದಲು ವೈದ್ಯರನ್ನು ಕೇಳತಕ್ಕದ್ದು. ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಜ್ವರದೊಡನೆ ಬಂದ ನೋವು, ಕಾರಣವಿಲ್ಲದೆ ಮೈ ಇಳಿಯುತ್ತಿರುವಾಗಿನ ನೋವು, ಇವುಗಳಿಗೆ ವ್ಯಾಯಾಮವು ಮದ್ದಲ್ಲ, ವೈದ್ಯರಲ್ಲಿಗೆ ಹೋಗಬೇಕು. ಕಾಲುಗಳ ಬಲ ಕುಂದಿದರೆ, ತೊಡೆಗಳ ಸಂದು ಮರಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಒಂದು ತಾಸೂ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಪಾಲಕರಿಗೆ ಎರಡು ಮಾತು

ಕೇಂದ್ರ ಸರಕಾರವು ೨೦೨೦ರಲ್ಲಿ ಹೊರಡಿಸಿದ ಶಾಲಾ ಚೀಲದ ನೀತಿಯಂತೆ ಮಗುವಿನ ಚೀಲದ ಭಾರವು ಅದರ ಮೈತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದು. ೩೦ ಕಿಲೋ ತೂಗುವ ಬಾಲಿಕೆಗೆ ೩ ಕಿಲೋ. ಮನೆಯಲ್ಲಿ ಒಂದು ದಿವಸ ಚೀಲವನ್ನು ತೂಗಿ ನೋಡಿರಿ. ಅದನ್ನು ಎರಡೂ ಹೆಗಲಿಗೆ ಹಾಕಿಕೊಳ್ಳುವಂತೆ ಹೇಳಿರಿ. ಭಾರವಾದ ಪುಸ್ತಕಗಳನ್ನು ಬೆನ್ನಿಗೆ ಒತ್ತಿದಂತೆ ಇಡುವದನ್ನು ಕಲಿಸಿರಿ.

ಎರಡನೆಯದು, ನಿಮ್ಮ ಮಗಳಿಗೆ ದೇಹದಲ್ಲಿ ಯಾವದೊಂದು ಕೊರತೆಯಿದ್ದರೂ “ನಮ್ಮ ಹುಡುಗಿಯನ್ನು ಆಟಕ್ಕೆ ಬಿಡಬೇಡಿರಿ” ಎಂಬ ಚೀಟಿಯನ್ನು ತರಬೇಡಿರಿ, “ನಮ್ಮ ಹುಡುಗಿಗೆ ಯಾವ ರೀತಿಯಿಂದ ಆಡಿಸುವಿರಿ?” ಎಂಬ ಪ್ರಶ್ನೆಯನ್ನು ತನ್ನಿರಿ. ಹಾಗೆ ಕೇಳುವದು ನಿಮ್ಮ ಹಕ್ಕು. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ೧೬ನೆಯ ಕಲಮಿನಂತೆ ಸರಕಾರದ ನೆರವನ್ನಾಗಲಿ ಮಾನ್ಯತೆಯನ್ನಾಗಲಿ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ವಿದ್ಯೆಯಲ್ಲಿ ಮಾತ್ರವಲ್ಲ, ಆಟಪಾಟಗಳಲ್ಲಿಯೂ ಸಮಾನವಾದ ಅವಕಾಶವನ್ನು ಕೊಡತಕ್ಕದ್ದು. ಲೋಕಾರೋಗ್ಯ ಸಂಸ್ಥೆಯ ೨೦೨೦ರ ಸೂಚನೆಗಳಲ್ಲಿಯೂ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷ, ದೊಡ್ಡವರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷ ಚಟುವಟಿಕೆ ಬೇಕೆಂದು ಹೇಳಿ, ಅಂಗವೈಕಲ್ಯವುಳ್ಳವರಿಗೂ ಅದೇ ಅಳತೆಯನ್ನು ಇಟ್ಟಿದ್ದಾರೆ. ನಾವು ಈ ಕಾಯದೆಯನ್ನು ಓದಿದ್ದೆವು. ನಮ್ಮ ಹಾಜರಿ ಪುಸ್ತಕವನ್ನು ತಿದ್ದಿರಲಿಲ್ಲ.

ಈಗ ತಿದ್ದಿದ್ದೇವೆ. ಡ್ರಿಲ್ಲಿನ ತಾಸಿನ ಮೊದಲ ಹದಿನೈದು ನಿಮಿಷ ಎಲ್ಲ ಬಾಲಿಕೆಯರೂ ಈ ಐದು ಸಾಧನೆಗಳನ್ನು ಮಾಡುತ್ತಾರೆ. ಕೆಲವರು ಜಮಖಾನೆಯ ಮೇಲೆ, ಕೆಲವರು ಕುರ್ಚಿಯ ಮೇಲೆ, ಕೆಲವರು ಗೋಡೆಯ ಆಸರೆಯಲ್ಲಿ. ಆರಂಭದಲ್ಲಿ ಕುರ್ಚಿಯವರನ್ನು ನೋಡಿ ಕೆಲವರು ನಕ್ಕದ್ದುಂಟು. ಆದಕಾರಣ ನಾವೂ, ಸೊಂಟದ ನೋವುಳ್ಳ ಇಬ್ಬರು ಉಪಾಧ್ಯಾಯಿನಿಯರೂ ಕುರ್ಚಿಗಳನ್ನು ಹಾಕಿಕೊಂಡು ಅವರ ಸಾಲಿನಲ್ಲಿಯೇ ಕೂತೆವು. ನಗೆ ತಾನಾಗಿ ನಿಂತಿತು. ಎಲ್ಲರ ನೋವೂ ಹೋಯಿತೆಂದು ನಾವು ಹೇಳಲಾರೆವು. ಆ ಬಾಲಿಕೆಯ ಪಾದವು ಮೊದಲಿದ್ದಂತೆಯೇ ಇದೆ. ರಾತ್ರಿ ಅಳುವದು ನಿಂತಿತೆಂದು ಅವಳ ತಾಯಿಯು ಬಂದು ಹೇಳಿದಳು. ಹೇಳಿದವಳು ಹಾಗೆಯೇ ಹೋಗದೆ, “ಹತ್ತಿ ಬಿಡಿಸಿ ಬಿಡಿಸಿ ನನ್ನ ನಡಾನೂ ಹಿಡದೈತ್ರಿ ಅಕ್ಕೋರೇ, ನನಗೂ ಒಂದೀಟು ತೋರಸ್ರಿ” ಎಂದು ಜಮಖಾನೆಯ ಮೇಲೆ ಕೂತಳು. ತಾಯಿಗೆ ಕಲಿಸಿದವಳು ಮಗಳೇ. ಸೊಂಟವನ್ನು ಎತ್ತುವ ಸಾಧನೆಯಲ್ಲಿ ತಾಯಿಯು ಅವಸರ ಮಾಡಲು, “ಒಂದೊಂದ ಮಣಿ, ಅವ್ವಾ, ಒಂದೊಂದ” ಎಂದು ಅವಳು ತಿದ್ದಿದ್ದನ್ನು ನಾವು ಬಾಗಿಲಲ್ಲಿ ನಿಂತು ಕೇಳಿದೆವು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಆ ಬೇವಿನ ಮರದ ಕೆಳಗೆ ಕೂತು ಚಪ್ಪಲಿ ಕಾಯ್ದವರಿದ್ದರೆ, ಅಂದು ನಿಮಗೆ ಸಲ್ಲತಕ್ಕದ್ದನ್ನು ಶಾಲೆಯು ಕೊಡಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇವೆ. ಊರಿಗೆ ಬಂದಾಗ ಒಂದು ಮುಂಜಾನೆ ಶಾಲೆಗೆ ಬನ್ನಿರಿ. ನಿಮ್ಮ ವಯಸ್ಸು ಎಷ್ಟೇ ಇರಲಿ, ಮೈ ಹೇಗೇ ಇರಲಿ, ಸಾಲಿನಲ್ಲಿ ನಿಮಗಾಗಿ ಒಂದು ಕುರ್ಚಿ ಇದೆ. ಹಾಜರಿ ಪುಸ್ತಕದಲ್ಲಿ ಈಗ ಎರಡೇ ಅಂಕಣಗಳು: ಬಂದವರು, ಬಾರದವರು.